ಸತ್ತ ಮೇಲೂ ಮುಗಿಯದ ಸೀರೆಯ ಜಗಳ

ನಿನ್ನೆ ಮೇಜಿನ ಖಾನೆಯಲ್ಲಿ ಎರಡೂ ತುದಿಗೆ ಪಿನ್ನಿರುವ ಕರಿಯ ವೈರೊಂದು ಕೈಗೆ ಸಿಕ್ಕಿತು. ಹಳೆಯ ವೈರುಗಳನ್ನು ಎಸೆಯಲಾರದ ರೋಗ ನನಗುಂಟು; ನಿಮಗೂ ಇದ್ದರೆ ನಗಬೇಡಿ. ಇದನ್ನು ಕೊಂಡದ್ದು ಗೋಪನಕೊಪ್ಪದ ಇಂದಿರತ್ತೆಯ ಸಲುವಾಗಿ.

ಅತ್ತೆಗೆ ಕಣ್ಣು ಮಂಜಾಗಿದ್ದವು. ಫೋನು, ಕಂಪ್ಯೂಟರು ಅವಳ ಪಾಲಿಗೆ ನುಣ್ಣನೆಯ ಗಾಜು ಮಾತ್ರ. ಹಳೆಯ ಟೇಪ್ ರೆಕಾರ್ಡರಿನ ಗುಂಡಿಗಳು ಮಾತ್ರ ಬೆರಳಿಗೆ ಬಾಯಿಪಾಠ. ಅವಳ ತಂಗಿ, ಬೆಳಗಾವಿಯ ಸಣ್ಣತ್ತೆ, ಅರ್ಧ ತಾಸು ಮಾತಾಡಿ ತನ್ನ ದನಿಯನ್ನು ನನ್ನ ಕಂಪ್ಯೂಟರಿಗೆ ಕಳಿಸಿದ್ದಳು. ಒಂದು ಇಳಕಲ್ ಸೀರೆಯ ಮೇಲಿನ ತುಪ್ಪದ ಕಲೆಗಾಗಿ ಇಬ್ಬರೂ ವರ್ಷಗಟ್ಟಲೆ ಮಾತು ಬಿಟ್ಟವರು. ಹಟಕ್ಕೆ ಬಿದ್ದ ಅತ್ತೆ ಅದನ್ನು ಕೇಳಲೇ ಇಲ್ಲ. ಅದೇ ವಾರ ಸಣ್ಣತ್ತೆ ತೀರಿಕೊಂಡಳು.

"ಅದನ್ನ ನನ್ನ ಟೇಪಿಗೆ ಹಾಕಿ ಕೊಡು," ಎಂದಳು ಅತ್ತೆ ಆಮೇಲೆ. "ಬೇಕಾದಾಗ ನಾನ ಕೇಳ್ತೇನಿ. ನಿನ್ನ ಕೈಕಾಲು ಹಿಡಿಯೂದು ಬ್ಯಾಡ."

ನನ್ನ ವಿದ್ಯೆ ಇಷ್ಟೇ: ಕಂಪ್ಯೂಟರಿನ ಸ್ಪೀಕರಿನ ಮುಂದೆ ಟೇಪ್ ಇಡುವುದು, ಗುಂಡಿ ಒತ್ತುವುದು, ಉಸಿರು ಹಿಡಿಯುವುದು. ನಾನು ಹಿಡಿದೆ. ಅತ್ತೆ ಹಿಡಿಯಲಿಲ್ಲ.

"ಅಕ್ಕಾ, ಆರಾಮ ಅದೀಯಲ್ಲಾ?" ಎಂದಿತು ತಂಗಿಯ ದನಿ.

"ಈಗ ಕೇಳತಿ ಏನ?" ಎಂದಳು ಅತ್ತೆ.

"ಆ ಸೀರಿ ನಾ ಹೊಲಸ ಮಾಡಿದ್ದಲ್ಲ. ಹೋಳಿಗಿ ತಿನ್ನೋವಾಗ ನೀನ ತುಪ್ಪ ಚೆಲ್ಲಿಕೊಂಡಿದ್ದಿ."

"ಸತ್ತ ಮ್ಯಾಲೂ ಸುಳ್ಳ ಹೇಳ್ತಾಳ ನೋಡು."

ನಾನು ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಕಣ್ಣು ಕಾಣದವಳಿಗೆ ಬೆರಳು ತೋರಿಸುವ ಜಾಣತನ ನನ್ನದು. ಬೆರಳು ಸಾಲದೆ ಬಾಯಿಂದಲೂ ತಡೆಯಲು ನೋಡಿದೆ; ಆದರೂ ಅರ್ಧ ತಾಸೂ ಜಗಳ ಸರಿಸಮ ನಡೆಯಿತು. ಕೊನೆಗೆ ತಂಗಿ, "ಹೋಗ್ಲಿ, ಆ ತುಪ್ಪದ ಕಲಿ ನಂದ ಅಂತ ತಿಳಕೊ. ಒಮ್ಮೆ ಬಾ," ಎಂದಾಗ ಮಾತ್ರ ಅತ್ತೆ ಸುಮ್ಮನಾದಳು.

ಕೋಣೆಯ ಸದ್ದೆಲ್ಲ ಸೇರಿ ರೆಕಾರ್ಡಿಂಗ್ ಕೆಟ್ಟಿತೆಂದು ನಾನು ಹುಬ್ಬಳ್ಳಿಯ ಪೇಟೆಯೆಲ್ಲ ಅಲೆದು ಈ ವೈರು ತಂದೆ. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ಟೇಪಿನ ಮೈಕ್ ತೂತಿಗೆ. ಮೊದಲ ಸಲ ದನಿ ಒಡೆದು ಬಂತು. ವಾಲ್ಯೂಮು ತಗ್ಗಿಸಿದ ಮೇಲೆ ತಿಳಿಯಾಗಿ ಹೊಸ ಕ್ಯಾಸೆಟ್ಟಿನಲ್ಲಿ ಹೋಗಿ ಕೂತಿತು. ಕೆಮ್ಮಿಲ್ಲ, ಕುಕ್ಕರಿನ ಸೀಟಿ ಇಲ್ಲ. ಪದಕ ಗೆದ್ದವನಂತೆ ಕೇಳಿಸಿದೆ.

ಅತ್ತೆ ಸ್ವಲ್ಪ ಕೇಳಿ ನಿಲ್ಲಿಸಿದಳು. "ಛಲೋ ಬಂದದ. ಆದ್ರ ಇದ್ರಾಗ ಆಕಿ ಒಬ್ಬಾಕೀನ ಮಾತಾಡ್ತಾಳ, ಪಾಪ. ಹೂಂ ಅನ್ನಾವ್ರು ಯಾರೂ ಇಲ್ಲ. ಆ ಮೊದಲಿನ ಕ್ಯಾಸೆಟ್ಟ ಕೊಡು."

ಕೊಟ್ಟೆ. ಬದುಕಿರುವವರೆಗೂ ದಿನಾ ಮಧ್ಯಾಹ್ನ ಅದನ್ನೇ ಕೇಳಿದಳು. ಕೇಳುತ್ತ ಹೊಸ ಬೈಗುಳಗಳನ್ನೂ ಸೇರಿಸುತ್ತಿದ್ದಳು.

ಈಗ ಅತ್ತೆಯೂ ಇಲ್ಲ. ಇವತ್ತು ಬೆಳಿಗ್ಗೆ ಸಣ್ಣತ್ತೆಯ ಮಗಳಿಗೆ ಫೋನು ಹಚ್ಚಿ, ಆ ಕ್ಯಾಸೆಟ್ಟನ್ನು ಪೂರ್ತಿ ಕೇಳಿಸಿದೆ. ನಕ್ಕಳು, ಮೂಗು ಏರಿಸಿದ ಸದ್ದೂ ಕೇಳಿತು.

"ಇಬ್ಬರೂ ಎದುರುಬದುರು ಕೂತಂಗ ಅದರಿ," ಎಂದಳು. "ಆದ್ರ ನಡುನಡುವ 'ಶ್, ಶ್' ಅನ್ನಾಕತ್ತಾರಲ್ಲ, ಅವರ್ಯಾರ್ರಿ?"

"ಯಾರೋ ತಿಳಿಗೇಡಿ," ಎಂದೆ.