ಬೋರ್ಡು ಕದ್ದ ಇಂಜಿನ್

ಕೊರೊನಾ ಬರುವುದಕ್ಕೆ ಹಿಂದಿನ ವರ್ಷ. ಹಾಸನದ ಒಂದು ಸಣ್ಣ ಸಮುದಾಯ ಬಾನುಲಿಯಲ್ಲಿ ನಾನು ಮಕ್ಕಳ ಕಾರ್ಯಕ್ರಮದ ನಿರ್ಮಾಪಕಿಯಾಗಿದ್ದೆ. ಆ ಕೇಂದ್ರ ಈಗ ಮುಚ್ಚಿಹೋಗಿದೆ. ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಇಂಗ್ಲೆಂಡಿನಲ್ಲಿ ಮಾತಾಡುವ ರೈಲುಗಳ ಮಕ್ಕಳ ಪುಸ್ತಕಮಾಲೆಯೊಂದಿದೆ. ಪಾದ್ರಿಯೊಬ್ಬರು ಕಾಯಿಲೆ ಬಿದ್ದು ಮಲಗಿದ್ದ ಮಗನಿಗೆ ಹೇಳಿದ ಕಥೆಗಳಿಂದ ಶುರುವಾಗಿ ದಶಕಗಟ್ಟಲೆ ಬಂತು. ಅಲ್ಲಿನ ಇಂಜಿನ್‌ಗಳು ಜಂಬ ಕೊಚ್ಚುತ್ತವೆ, ಜಗಳವಾಡುತ್ತವೆ, ಬೈಸಿಕೊಳ್ಳುತ್ತವೆ. ಓದಿದಾಗ, ನಮ್ಮ ರೈಲುಗಳಿಗೇನು ಬಾಯಿಲ್ಲವೇ ಅನ್ನಿಸಿತು. ಹೊಳೆನರಸೀಪುರದ ಪ್ಯಾಸೆಂಜರ್ ಗಾಡಿಯ ಅಜ್ಜಿ ಇಂಜಿನ್, ಬೆಂಗಳೂರು ಕಂಡೆನೆಂದು ಮೆರೆಯುವ ಚನ್ನರಾಯಪಟ್ಟಣದ ಗಾಡಿ, ಹಳಿಯೇ ಇಲ್ಲದ ಅರಕಲಗೂಡಿನಿಂದ ಹೊಟ್ಟೆ ಉರಿದುಕೊಂಡು ಬರುವ ಬಸ್ಸು. ಕಥೆಗಳನ್ನು ನಾನೇ ಬರೆದೆ.

ಅಜ್ಜಿ ಇಂಜಿನ್‌ಗೆ ದನಿ ಕೊಟ್ಟವರು ಕೊಣನೂರಿನ ಪುಟ್ಟತಾಯಮ್ಮ. ಅವರು ತಂಬಾಕು ಎಲೆ ಕಟ್ಟುವ ಕೂಲಿಗೆ ಹೋಗುತ್ತಿದ್ದರು. “ಬತ್ತೀನಿ ಕಣ್ಲಾ, ದಾರಿ ಬುಡು!” ಎಂದು ಅವರು ಒದರಿದರೆ ಮಕ್ಕಳು ರೇಡಿಯೊ ಬಿಟ್ಟು ಏಳುತ್ತಿರಲಿಲ್ಲ. ಪ್ರತಿ ಭಾನುವಾರ ಕೊನೆಯಲ್ಲಿ ಅವರ ಹೆಸರು ಹೇಳುತ್ತಿದ್ದೆವು. ಆ ಹೆಸರು ಕೇಳುವ ಆಸೆಗೇ ಬಸ್ಸು ಹತ್ತಿ ಬರುತ್ತಿದ್ದರು.

ಒಂದು ಭಾನುವಾರ ದನಿ ಅವರದೇ ಬಂತು, ಹೆಸರು ಮಾತ್ರ ನಮ್ಮ ಕೇಂದ್ರದ ನಿರ್ದೇಶಕ ಸದಾನಂದಯ್ಯನವರ ತಂಗಿ ಮಗಳದು. ಆ ಹುಡುಗಿ ಯಾವುದೋ ಪ್ರಶಸ್ತಿಗೆ ಅರ್ಜಿ ಹಾಕಬೇಕಿತ್ತಂತೆ. ಕೇಳಿದ್ದಕ್ಕೆ, “ಆ ಹೆಂಗಸಿಗೆ ಹೆಸರು ಕಟ್ಟಿಕೊಂಡು ಏನಾಗಬೇಕ್ರೀ?” ಎಂದುಬಿಟ್ಟರು.

ಪುಟ್ಟತಾಯಮ್ಮ ಫೋನಿನಲ್ಲಿ ಅತ್ತರು. “ರೇಡಿಯೋದಲ್ಲಿ ಬ್ಯಾರೆ ಎಸ್ರು ಬಂದ್ ಮ್ಯಾಲೆ, ಅದು ನಾನೇ ಅಂದ್ರೆ ಕೇರೀಲೆಲ್ಲ ಸುಳ್ಳುಬುರುಕಿ ಅಂತವ್ರೆ ಕಣವ್ವ. ಮೊಮ್ಮಕ್ಳೂ ನಂಬಾಕಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಇರು ಮಹರಾಯ, ನಿನ್ನ ಬಾಯಿಂದಲೇ ಕಕ್ಕಿಸುತ್ತೇನೆ ಅಂದುಕೊಂಡೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ನಾಟಕ ಯಾವುದಾದರೂ ದೊಡ್ಡ ಪಾತ್ರ ನಿರ್ದೇಶಕ ಸಾಹೇಬರಿಗೇ. ಅವರು ರಿಹರ್ಸಲ್‌ಗೆ ಬರುವುದಿಲ್ಲ. ಸ್ಕ್ರಿಪ್ಟಿನಲ್ಲಿ ತಮ್ಮ ಸಾಲುಗಳಿಗಷ್ಟೇ ಕೆಂಪು ಗೆರೆ ಎಳೆದುಕೊಂಡು, ಅಷ್ಟನ್ನೇ ಓದಿಕೊಂಡು ಬರುತ್ತಾರೆ. ವಾರ್ಷಿಕೋತ್ಸವಕ್ಕೆ ಹೊಳೆನರಸೀಪುರದ ಶಾಲೆಯೊಂದರಿಂದ ನೇರಪ್ರಸಾರವಿತ್ತು. ಅದಕ್ಕಾಗಿ ಹೊಸ ಇಂಜಿನ್ ಬರೆದೆ. ಒಂದು ಬೋಗಿಯನ್ನೂ ಎಳೆಯದೆ, ಬೇರೆ ಗಾಡಿಯ ಹೆಸರಿನ ಬೋರ್ಡು ಕದ್ದು ತನ್ನ ಮೂತಿಗೆ ಕಟ್ಟಿಕೊಳ್ಳುವ ಇಂಜಿನ್. ಕೊನೆಗೆ ಅದಕ್ಕೆ ಪಶ್ಚಾತ್ತಾಪ.

“ಅಭಿನಯಕ್ಕೆ ತುಂಬಾ ಸ್ಕೋಪ್ ಇದೆ ಸಾರ್, ನೀವೇ ಮಾಡಬೇಕು” ಎಂದೆ. ಉಬ್ಬಿಹೋದರು. ಅಜ್ಜಿಯ ದನಿ ಬೇರೆ ಯಾರಿಗೂ ಬಾರದ್ದರಿಂದ, ಪುಟ್ಟತಾಯಮ್ಮ ಪರದೆಯ ಹಿಂದೆ ಕೂತು ಮಾತಾಡಲಿ, ಹೆಸರು ಹುಡುಗಿಯದೇ ಇರಲಿ ಎಂದು ಅಪ್ಪಣೆ ಕೊಡಿಸಿದರು.

ಆ ದಿನ ಸಭಾಂಗಣ ತುಂಬ ಮಕ್ಕಳು. ಮುಂದಿನ ಸಾಲಿನಲ್ಲಿ ಜರಿ ಲಂಗ ತೊಟ್ಟ ಅವರ ತಂಗಿ ಮಗಳು. ನಾಟಕ ಕೊನೆಯ ಪುಟಕ್ಕೆ ಬಂತು. ಪರದೆಯ ಹಿಂದಿನಿಂದ ಅಜ್ಜಿ ಇಂಜಿನ್ ಕೇಳಿತು: “ನನ್ ದನಿಗೆ ನಿನ್ ತಂಗಿ ಮಗಳ ಎಸ್ರು ಅಂಟ್ಸಿದ್ದು ಯಾರ್ಲಾ?”

ಸದಾನಂದಯ್ಯ ಕೆಂಪು ಗೆರೆಯ ಸಾಲನ್ನು ಎದೆ ಬಡಿದುಕೊಂಡು ಓದಿದರು: “ನಾನೇ! ಪಾಪಿ ನಾನೇ! ಕದ್ದಿದ್ದು ನಿಜ!”

ಓದಿ ಮುಗಿಸಿದ ಮೇಲೆ ಅವರಿಗೆ ಪ್ರಶ್ನೆ ತಲೆಗೆ ಹೋಯಿತು. ಮುಖ ಸುಣ್ಣ ಬಳಿದಂತಾಯಿತು. ನಾನು ಪರದೆ ಸರಿಸಿದೆ. “ಅಜ್ಜಿ ಇಂಜಿನ್ನು!” ಎಂದು ಮಕ್ಕಳು ಎದ್ದು ನಿಂತು ಕೂಗಿದರು.

ಪುಟ್ಟತಾಯಮ್ಮ ಬಿಡಲಿಲ್ಲ. “ಅಂಗಾರೆ ಪುಟ್ಟತಾಯಮ್ಮನ ಎಸ್ರು ಯಾವಾಗ್ಲಾ ವಾಪಸ್ ಕೊಡೋದು?”

ಮೈಕು ಚಾಲೂ ಇತ್ತು, ಜಿಲ್ಲೆ ಕೇಳುತ್ತಿತ್ತು. ಮುಂದಿನ ಕೆಂಪು ಗೆರೆಯ ಸಾಲಿನಲ್ಲಿದ್ದದ್ದು ಒಂದೇ ಪದ. “ಈ... ಈಗಲೇ” ಎಂದರು.

ಮರುದಿನ ನನ್ನನ್ನು ಕೆಲಸದಿಂದ ತೆಗೆದರು. ಪ್ರಶಸ್ತಿಯ ಅರ್ಜಿಯೂ ವಾಪಸಾಯಿತು. ಪುಟ್ಟತಾಯಮ್ಮ ಫೋನ್ ಮಾಡಿ, “ಮೊಮ್ಮಕ್ಳು ಕೇರಿಗೆಲ್ಲ ಸಾರ್ಕೊಂಡ್ ಬಂದ್ವು. ಒಟ್ಟೆ ತಣ್ಣಗಾಯ್ತು ಕಣವ್ವ” ಎಂದರು.

ಹೋಗಲಿ ಬಿಡಿ, ಕ್ಷಮಿಸಿಬಿಡಿ ಎನ್ನುವವರು ಈಗಲೂ ಇದ್ದಾರೆ. ನಾನು ಕ್ಷಮಿಸಿಲ್ಲ. ಬಾನುಲಿಯ ಕೆಲಸ ನನಗೆ ಕಲಿಸಿದ್ದು ಇಷ್ಟೇ: ತನ್ನ ಸಾಲಿಗೆ ಮಾತ್ರ ಗೆರೆ ಎಳೆದುಕೊಳ್ಳುವವನ ಎದುರು ಕೂಗಾಡಬಾರದು. ಅವನಿಗೊಂದು ಒಳ್ಳೆಯ ಪಾತ್ರ ಬರೆದುಕೊಡಬೇಕು.