ಅಣ್ಣ ಕಳಿಸಿದ ಟ್ಯಾಕ್ಸಿ

ಗ್ಯಾರೇಜುಗಳ ಸಾಲಿನಲ್ಲಿ ಎಲ್ಲರೂ ಅವನನ್ನು ಸೀಟಿನವನು ಎಂದೇ ಕರೆಯುತ್ತಿದ್ದರು. ಕಾರಿನ ಸೀಟು ಹೊಲಿಯುವುದು ಅವನ ಕಸುಬು. ಕೈ ಎಷ್ಟು ನಿಧಾನವೋ ನಾಲಿಗೆ ಅಷ್ಟೇ ಚುರುಕು. ಕೋಪವಂತೂ ಮೂಗಿನ ತುದಿಯಲ್ಲೇ. ಹೊಲಿಗೆ ಒಂದೆಳೆ ಸೊಟ್ಟಗಾದರೂ ಇಡೀ ಸೀಟು ಬಿಚ್ಚಿ ಮತ್ತೆ ಹೊಲಿಯುವ ಆಸಾಮಿ.

ಅವನ ಮನೆಯ ಗಾಜಿನ ಕಪಾಟಿನಲ್ಲಿ ಬೆರಳುದ್ದದ ಆಟಿಕೆ ಕಾರುಗಳಿದ್ದವು. ಚಂದ ಕಂಡದ್ದನ್ನೆಲ್ಲ ತಂದಿಡುವ ಶೋಕಿ ಅಲ್ಲ ಅದು. ಡ್ರೈವರ್ ಆಗಿದ್ದ ಅಪ್ಪ ಹಾಕಿಕೊಟ್ಟ ಕಟ್ಟಳೆ: ಮನೆಯವರು ಓಡಿಸಿದ ಗಾಡಿ ಗುಜರಿಗೆ ಹೋದ ದಿನ ಅದರ ಮರಿ ಕಪಾಟಿಗೆ ಬರಬೇಕು. ಅದಕ್ಕೂ ಮೊದಲೇ ತಂದರೆ ಬದುಕಿರುವವರಿಗೆ ಗುಂಡಿ ತೋಡಿದಂತೆ. ಸಾಹುಕಾರರ ಮನೆಯಲ್ಲಿ ಅಪ್ಪ ಓಡಿಸಿದ ಉದ್ದ ಮೂತಿಯ ಕಾರು, ಸೋದರಮಾವನ ಗೂನುಬೆನ್ನಿನ ಪುಟ್ಟ ಕಾರು, ಎಲ್ಲ ಅಲ್ಲಿದ್ದವು. ಬಣ್ಣ ಹೊಂದದಿದ್ದರೆ ಮನೆಯಲ್ಲೇ ಬಳಿಯುತ್ತಿದ್ದರು.

ಇಲ್ಲದ್ದು ಒಂದೇ, ಅಣ್ಣನ ಟ್ಯಾಕ್ಸಿ.

ಆ ಟ್ಯಾಕ್ಸಿಯ ಮೆರೂನ್ ಸೀಟು ಹೊಲಿದವನು ಇವನೇ. ಅದೇ ಸೀಟಿನ ಮೇಲೆ ಇವನ ಹೆಂಡತಿ ಸತ್ತಳು. ಹೆರಿಗೆ ನೋವೆಂದು ಆಸ್ಪತ್ರೆಗೆ ಹೊರಟಾಗ ಗಾಡಿ ಏರಿನಲ್ಲಿ ಕುದಿದು ನಿಂತಿತು. ರೇಡಿಯೇಟರ್ ಸೋರುತ್ತಿದೆ ಎಂದು ಇವನು ಮೊದಲೇ ಹೇಳಿದ್ದ. "ನಾಳೆ ಮಾಡಿಸ್ತೀನಿ ಬಿಡೋ" ಎಂದಿದ್ದ ಅಣ್ಣ. ಬೇರೆ ಗಾಡಿ ಸಿಗುವಷ್ಟರಲ್ಲಿ ತಾಯಿಯೂ ಇಲ್ಲ, ಹೊಟ್ಟೆಯಲ್ಲಿದ್ದ ಕೂಸೂ ಇಲ್ಲ. ಮಣ್ಣು ಮಾಡಿ ಬಂದ ದಿನ "ಇನ್ನು ನಿನ್ನ ಹೊಸ್ತಿಲು ತುಳಿದ್ರೆ ಕೇಳು" ಎಂದವನು ತುಳಿಯಲೇ ಇಲ್ಲ. ಅಣ್ಣ ಆ ಗಾಡಿಯನ್ನು ಮತ್ತೆ ಓಡಿಸಲಿಲ್ಲ, ಮಾರಲೂ ಇಲ್ಲ. ಟಾರ್ಪಾಲು ಹೊದಿಸಿ ಶೆಡ್ಡಿನಲ್ಲಿ ನಿಲ್ಲಿಸಿದ. ವರ್ಷಗಳು ಹಾಗೇ ಉರುಳಿದವು.

ಒಂದು ಬೆಳಿಗ್ಗೆ ಅತ್ತಿಗೆ ಅಂಗಡಿಗೇ ಬಂದಳು. ಕೂರಲಿಲ್ಲ. ಚೀಲದಿಂದ ಸಣ್ಣ ಪೊಟ್ಟಣ ತೆಗೆದು ಹೊಲಿಗೆ ಮಿಷನ್ನಿನ ಮೇಲಿಟ್ಟಳು.

"ನಿಮ್ಮಣ್ಣ ಗಾಡಿನ ಗುಜರಿಗೆ ಹಾಕಿಸಿದ್ರು. ಇದನ್ನ ನಿಂಗೆ ತಲುಪಿಸು ಅಂದ್ರು."

"ಈಗ್ಯಾಕಂತೆ?"

"ಶ್ವಾಸಕೋಶ ಪೂರ್ತಿ ಹೋಗಿದೆ ಕಣಪ್ಪಾ. ಡಾಕ್ಟ್ರು ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು. ಬಾಯಿಬಿಟ್ಟು ಕರೆಯಲ್ಲ, ಗೊತ್ತಲ್ಲ ಅವರ ಬುದ್ಧಿ. ಒಂದ್ಸಲ ಬಂದ್ಹೋಗು."

ಪೊಟ್ಟಣ ಬಿಚ್ಚಿದರೆ ಅದೇ ಟ್ಯಾಕ್ಸಿಯ ಮರಿ. ನಡುಗುವ ಕೈಯಲ್ಲಿ ಬಳಿದ ಬಣ್ಣ ಕಿಟಕಿಯಂಚಿಗೆಲ್ಲ ಹರಿದಿತ್ತು. ಸೀಟಿನವನ ರಕ್ತ ತಲೆಗೇರಿತು.

"ನನ್ನ ಹೆಂಡ್ತಿ ಸತ್ತ ಗಾಡಿನ ಆಟಕ್ಕೆ ಕಳಿಸಿದಾನಾ?" ಎಂದು ಬೀಸಿ ಗೋಡೆಗೆ ಒಗೆದ.

ಅತ್ತಿಗೆ ಆ ಕಡೆ ತಿರುಗಿ ಕೂಡ ನೋಡಲಿಲ್ಲ. "ಬರೋದಾದ್ರೆ ಬೇಗ ಬಾ" ಎಂದಷ್ಟೇ ಹೇಳಿ ಹೊರಟುಹೋದಳು.

ಮಧ್ಯಾಹ್ನದ ಹೊತ್ತಿಗೆ ಕೋಪ ಇಳಿಯಿತು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಬೆಂಚಿನಡಿ ತೆವಳಿ ಕಾರು ಹುಡುಕಿದ. ಅಚ್ಚು ಬಾಗಿತ್ತು, ಚಕ್ರವೊಂದು ಕಳಚಿತ್ತು. ಹೋಗಲೇಬೇಕೆಂದು ಮನಸ್ಸು ಆಗಲೇ ಗಟ್ಟಿಯಾಗಿತ್ತು. ಆದರೆ ಅಣ್ಣ ಕಳಿಸಿದ್ದನ್ನು ಮುರಿದು ಹಾಕಿ, ಬರಿಗೈಯಲ್ಲಿ ಅವನೆದುರು ನಿಂತು ಏನೆನ್ನುವುದು? ತಪ್ಪಾಯ್ತು ಎಂಬ ಮಾತು ಅವನ ಬಾಯಲ್ಲಿ ಹೊರಳುವಂಥದ್ದಲ್ಲ. ಸರಿಮಾಡಿದ ಕಾರನ್ನು ಕೈಗಿಟ್ಟರೆ ಸಾಕು, ಅಣ್ಣನಿಗೆ ತಿಳಿಯುತ್ತದೆ.

ಅಚ್ಚು ನೆಟ್ಟಗೆ ಮಾಡಿ ಚಕ್ರ ಕೂಡಿಸಿದ. ಅಲ್ಲಿಗೇ ಬಿಟ್ಟು ಎದ್ದಿದ್ದರೆ ಆಗುತ್ತಿತ್ತು. ಸುಮ್ಮನಿರದೆ ಒಳಗೆ ಇಣುಕಿದ. ಸೀಟು ಕರೀ ಪ್ಲಾಸ್ಟಿಕ್ಕಿನದು. ತಾನು ಹೊಲಿದದ್ದು ಮೆರೂನ್, ಮೈತುಂಬ ಸಾಲುಸಾಲು ಉಬ್ಬುಪಟ್ಟಿ. ರೆಕ್ಸಿನ್ ತುಂಡೊಂದನ್ನು ಬ್ಲೇಡಿನಿಂದ ಹೆರೆದು ತೆಳ್ಳಗೆ ಮಾಡಿ, ಕೂದಲಿನಂಥ ದಾರ ಪೋಣಿಸಿ ಕೂತ. ಪಟ್ಟಿ ಸೊಟ್ಟಗಾಯಿತು, ಬಿಚ್ಚಿದ. ಮತ್ತೆ ಹೊಲಿದ, ಅಂಚು ಎದ್ದಿತು, ಮತ್ತೆ ಬಿಚ್ಚಿದ.

ಮರುದಿನವೂ ಅದೇ ಕೆಲಸ. ಪಕ್ಕದ ಮೆಕ್ಯಾನಿಕ್ ಬಂದು ಬಗ್ಗಿ ನೋಡಿದ.

"ಯಾರು ಗುರೂ ಗಿರಾಕಿ? ಇರುವೆನಾ, ಜಿರಳೆನಾ?"

"ನಿಮ್ಮಪ್ಪ."

"ತಮಾಷೆ ಬಿಡು. ನಿಮ್ಮತ್ತಿಗೆ ನನ್ನ ಫೋನಿಗೆ ಮಾಡಿದ್ರು. ನೀನು ಎತ್ತಲ್ವಂತೆ. ತುಂಬಾ ಕಷ್ಟ ಅಂತಿದಾರೆ, ಮೊದ್ಲು ಎದ್ದು ಹೋಗೋ."

"ಇದೊಂದು ಅಂಚು ಕೂರ್ತಾ ಇಲ್ಲ. ನಾಳೆ ಹೋಗ್ತೀನಿ ಬಿಡೋ."

"ಸೀಟು ಸರಿಯಿಲ್ಲ ಅಂತ ಜೀವ ಕಾಯುತ್ತೇನೋ, ಮಾರಾಯ?"

ಸೀಟಿನವನು ಸೂಜಿಗೆ ಮತ್ತೆ ದಾರ ಪೋಣಿಸುತ್ತಿದ್ದ.

ಅದರ ಮಾರನೆಯ ದಿನ ಅವನು ಅಣ್ಣನ ಮನೆ ತಲುಪಿದಾಗ ಬಾಗಿಲು ಪೂರ್ತಿ ತೆರೆದಿತ್ತು. ನೆರೆಯವರು ದನಿ ತಗ್ಗಿಸಿ ಮಾತಾಡುತ್ತ ನಿಂತಿದ್ದರು. ಇವನನ್ನು ಕಂಡು ದಾರಿ ಬಿಟ್ಟರು. ಒಳಕೋಣೆಯಲ್ಲಿ ಅತ್ತಿಗೆ ಮಂಚದ ಪಕ್ಕ ಕೂತಿದ್ದಳು. ಮಂಚದ ಮೇಲೆ ಅಣ್ಣ, ದವಡೆಗೆ ಬಟ್ಟೆ ಕಟ್ಟಿತ್ತು.

"ಯಾವಾಗ ಅತ್ತಿಗೆ?"

"ಬೆಳಗಿನ ಜಾವ. ನಿನ್ನೆಯೆಲ್ಲಾ ಚೆನ್ನಾಗಿ ಎಚ್ಚರ ಇತ್ತು. ಬಾಗಿಲು ಸದ್ದಾದ್ರೆ ಸಾಕು, ಬಂದ್ನಾ ಅನ್ನೋರು."

ಅವನು ಅಂಗೈ ಬಿಚ್ಚಿ ಕಾರು ತೋರಿಸಿದ. "ಸೀಟು ಹೊಲೀತಿದ್ದೆ ಅತ್ತಿಗೆ. ಸರಿಮಾಡ್ಕೊಂಡೇ ಬರೋಣ ಅಂತ..."

ಅವಳು ಅದನ್ನು ನೋಡಿದಳು. "ಅವರು ಸೀಟು ಕೇಳಿದ್ರೇನಪ್ಪಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಿರುಗಿ ಬೈಯುವುದಾದರೂ ಅವನಿಗೆ ಗೊತ್ತಿತ್ತು. ಅವಳು ಎದ್ದು ಮಡಿಕೆ ಬಿಚ್ಚದ ಹೊಸ ಅಂಗಿಯೊಂದನ್ನು ತಂದಳು. "ಆ ಕಡೆ ಹಿಡ್ಕೋ. ಹಾಕ್ಬೇಕು."

ಇಬ್ಬರೂ ಸೇರಿ ಒಂದು ತೋಳು ತೂರಿಸಿದರು. ಇನ್ನೊಂದು ಹೋಗಲಿಲ್ಲ, ಮೈ ಆಗಲೇ ಸೆಟೆದಿತ್ತು.

"ಬಗ್ಗಲ್ಲ ಇನ್ನು," ಎಂದಳು ಅತ್ತಿಗೆ. "ಅಂಗಿ ಬೆನ್ನು ಕತ್ತರಿಸಿಬಿಡು. ಮೇಲಿಂದ ಹೊದಿಸೋಣ."

ಅವನು ಕತ್ತರಿ ಇಸಿದುಕೊಂಡು ಅಣ್ಣನ ಅಂಗಿಯನ್ನು ಕಾಲರಿನಿಂದ ಕೆಳಗಿನವರೆಗೆ ಸೀಳಿದ.