ಉಜ್ಜೋ ಅಕ್ಕ ಕಂಡ ಮೊದಲ ಜೀವಿ

ಮೂವತ್ತೊಂದು ವರ್ಷದಿಂದ ಅವಳದು ಒಂದೇ ಕೆಲಸ. ಕಲ್ಲಿನ ಬಿಲ್ಲೆಯನ್ನು ಗಾಜಿಗೆ ಅಂಟಿಸಿ, ಬೆಳಕು ತೂರುವಷ್ಟು ತೆಳ್ಳಗೆ ಉಜ್ಜುವುದು. ಬೆರಳ ತುದಿಯ ಗೆರೆಗಳು ಎಂದೋ ಸವೆದುಹೋಗಿದ್ದವು. ಕಾಲೇಜಿಗೆಲ್ಲ ಅವಳು ಉಜ್ಜೋ ಅಕ್ಕ.

ಅಂದು ಅವಳು ಉಜ್ಜಿಕೊಟ್ಟ ಬಿಲ್ಲೆ ನೋಡಲು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಭೂವಿಜ್ಞಾನದ ಮೇಷ್ಟ್ರು ಕುಣಿದಾಡಿಬಿಟ್ಟರು. ಮುನ್ನೂರು ಕೋಟಿ ವರ್ಷದ ಕಲ್ಲಿನಲ್ಲಿ ಮಣಿ ಪೋಣಿಸಿದಂತೆ ದುಂಡನೆಯ ಚುಕ್ಕೆಗಳು!

"ಅಕ್ಕಾ, ಭೂಮಿ ಮೇಲಿನ ಮೊದಮೊದಲ ಜೀವಿಗಳು ಇವು!"

ಅವಳೂ ಇಣುಕಿದಳು.

"ಜೀವಿನೂ ಇಲ್ಲ, ಗೀವಿನೂ ಇಲ್ಲ ಸಾರ್. ಅದು ನನ್ನ ಅಂಟಿನ ಗುಳ್ಳೆ. ಬೇಗ ಬೇಗ ಅಂತ ನೀವು ಪ್ರಾಣ ತಿಂದ್ರಿ, ಕೊಯ್ಯುವಾಗ ಒದ್ದೆಯಾದ ಬಿಲ್ಲೆ ಒಣಗೋ ಮುಂಚೆನೇ ಅಂಟಿಸಿಬಿಟ್ಟೆ."

"ಗುಳ್ಳೆ ಎಲ್ಲಾದ್ರೂ ಹೀಗೆ ಸಾಲಾಗಿ ನಿಲ್ಲುತ್ತಾ?"

ಅವಳು ಸೂಕ್ಷ್ಮದರ್ಶಕದಡಿಯ ಗಾಜನ್ನು ತುಸು ಪಕ್ಕಕ್ಕೆ ಸರಿಸಿ ತೋರಿಸಿದಳು. ಕಲ್ಲೇ ಇಲ್ಲದ, ಬರೀ ಅಂಟು ಮೆತ್ತಿದ ಅಂಚಿನಲ್ಲೂ ಅದೇ ಮಣಿಸಾಲು. ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು.

"ನಾಳೆ ಎಲ್ಲರಿಗೂ ತೋರಿಸ್ತೀನಿ ಅಂತ ಹೇಳಿಬಿಟ್ಟಿದ್ದೀನಲ್ಲಮ್ಮಾ..."

"ಹೇಳಿದ್ರೆ ಹೇಳಿದ್ರಿ. ಇನ್ನೊಂದು ಬಿಲ್ಲೆ ಕೊಯ್ತೀನಿ, ಈ ಸಲ ಪೂರ್ತಿ ಒಣಗಿಸ್ತೀನಿ. ನಿಜವಾಗ್ಲೂ ಜೀವಿ ಇದ್ರೆ ಸಿಗುತ್ತೆ."

ಸೆರಗು ಸಿಕ್ಕಿಸಿ ಅವಳು ಗರಗಸದ ಗುಂಡಿ ಒತ್ತಿದಳು.

"ಇಲ್ಲದ ಜೀವ ಮಾತ್ರ ನನ್ನ ಕೈಯಲ್ಲಿ ಹುಟ್ಟಲ್ಲ."